ಇಪ್ಪತ್ತೆಂಟರ ಆಟದಲ್ಲಿ ಮನೆಯ ಕಟ್ಟಳೆಗಳು

ಹಂಪೆಯ ಮಂಟಪಗಳ ಕಲ್ಲುಹಾಸಿನ ಮೇಲೆ ಆಟದ ಮನೆಗಳನ್ನು ಕೊರೆದಿರುವುದನ್ನು ಶ್ರೋತೃಗಳಲ್ಲಿ ಹಲವರು ಕಂಡಿರಬಹುದು. ಮನೆಗಳು ಉಳಿದಿವೆ, ಅಲ್ಲಿ ಕುಳಿತವರು ಯಾವ ಕಟ್ಟಳೆಯಂತೆ ಆಡಿದರು, ಯಾವ ಮಾತಿಗೆ ಮುನಿಸಿಕೊಂಡು ಎದ್ದರು ಎಂಬುದನ್ನು ಕಲ್ಲು ಹೇಳದು. ಎಲೆಯಾಟಗಳಿಗಂತೂ ಕಲ್ಲಿನ ಆಸರೆಯೂ ಇಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ 36 ಎಲೆಗಳಿಂದ 360 ಎಲೆಗಳವರೆಗಿನ ಗಂಜೀಫಾ ಆಟಗಳನ್ನು ಬರೆಯಿಸಿಟ್ಟರು. ಸಾಮಾನ್ಯರ ಆಟವಾದ ಇಪ್ಪತ್ತೆಂಟಕ್ಕೆ ಆ ಭಾಗ್ಯವಿಲ್ಲ. ಅದರ ಶಾಸ್ತ್ರವೆಲ್ಲ ಬಾಯಿಂದ ಬಾಯಿಗೆ ಬಂದುದು. ಆದುದರಿಂದಲೇ ಮನೆಗೊಂದು ಕಟ್ಟಳೆ.

ಆಟವನ್ನು ಅರಿಯದವರಿಗಾಗಿ ಎರಡು ಮಾತು. ಎರಡರಿಂದ ಆರರವರೆಗಿನ ಎಲೆಗಳನ್ನು ತೆಗೆದಿಟ್ಟರೆ 32 ಉಳಿಯುತ್ತವೆ. ಎದುರುಬದುರು ಕುಳಿತವರು ಜೊತೆಗಾರರು. ಗುಲಾಮನಿಗೆ ಮೂರು ಅಂಕ, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು, ಉಳಿದವಕ್ಕೆ ಸೊನ್ನೆ. ಜಾತಿಗೆ ಏಳರಂತೆ ನಾಲ್ಕು ಜಾತಿಗೆ 28. ಮೊದಲು ನಾಲ್ಕು ನಾಲ್ಕು ಎಲೆ ಹಂಚಿ, ಇಷ್ಟು ಅಂಕ ತರುತ್ತೇವೆಂದು ಕೂಗುವುದು. ಹೆಚ್ಚು ಕೂಗಿದವನು ತುರುಪಿನ ಎಲೆಯೊಂದನ್ನು ಕವುಚಿಡುವುದು. ಅನಂತರ ಮಿಕ್ಕ ನಾಲ್ಕನ್ನು ಹಂಚುವುದು. ಗುಲಾಮನು ರಾಜನನ್ನು ಹೊಡೆಯುವ ಈ ವಿಚಿತ್ರ ರಾಜ್ಯವು ಯುರೋಪಿನ ಯಾಸ್ ಎಂಬ ಆಟಗಳ ನಂಟಿನದೆಂದು ಬಲ್ಲವರ ಊಹೆ. ಡಚ್ಚರ ಕ್ಲಾವರ್‌ಯಾಸ್ ಆಟದಲ್ಲಿ ತುರುಪಿನ ಗುಲಾಮನಿಗೆ 20, ಒಂಬತ್ತಕ್ಕೆ 14 ಅಂಕ. ನಮ್ಮ ‘ಕಳಾವರ’ದಲ್ಲಿ ಅವರ ‘ಕ್ಲಾವರ್’ ಈಗಲೂ ಕೇಳಿಸುತ್ತದೆಯಷ್ಟೆ.

ಹೊಸಪೇಟೆಯ ಒಂದು ಜಗಲಿಯಲ್ಲಿ ನಾಲ್ವರು ಕುಳಿತರೆಂದು ಭಾವಿಸೋಣ. ಅಣೆಕಟ್ಟಿಗೆಂದೂ ಗಣಿಗಳಿಗೆಂದೂ ಹೊರಗಿನವರು ಬಂದು ನೆಲಸಿದ ಸೀಮೆ ಇದು. ನಾಲ್ವರೂ ಒಂದೇ ಪಾಠ ಕಲಿತಿರುವುದು ಅಪರೂಪ. ಕಂಪ್ಲಿಯವರೊಬ್ಬರು 18 ಕೂಗಿದರು. ಅವರ ಕಡೆಗೆ ಬಂದುದು 16. ಸೋತರೇ? ಸಂಡೂರಿನವರು ಸೋತಿರಿ ಎನ್ನುತ್ತಾರೆ. ಕಂಪ್ಲಿಯವರು ಗೆದ್ದೆವು ಎನ್ನುತ್ತಾರೆ. ಏಕೆಂದರೆ ಅವರ ಜೊತೆಗಾರರು ತುರುಪಿನ ರಾಜ ರಾಣಿಯರ ಜೋಡಿಯನ್ನು ತೋರಿಸಿದ್ದರು. ಜೋಡಿಯನ್ನು ಮಾನ್ಯಮಾಡುವ ಮನೆಗಳಲ್ಲಿ ಕೂಗಿದವರ ಕಡೆ ಅದಿದ್ದರೆ ಕೂಗು ನಾಲ್ಕು ಇಳಿದು 14 ಆಗುತ್ತದೆ. ಎದುರಾಳಿಗಳಲ್ಲಿದ್ದರೆ ನಾಲ್ಕು ಏರಿ 22 ಆಗುತ್ತದೆ. ಒಂದೂ ಅಂಕವಿಲ್ಲದ ಎರಡೆಲೆಗಳು ಎಂಟು ಅಂಕಗಳ ಅಂತರವನ್ನು ತರುತ್ತವೆ. ಇದು ಅಪೂರ್ವವೂ ಅಲ್ಲ. ತುರುಪಿನ ರಾಜನು ಯಾರಲ್ಲೇ ಇರಲಿ, ಉಳಿದ 31 ಎಲೆಗಳಲ್ಲಿ ಏಳು ಅವನ ಕೈಯಲ್ಲಿಯೇ ಇವೆ. ರಾಣಿಯೂ ಅಲ್ಲಿರುವುದು 31ಕ್ಕೆ ಏಳು ಸಾರಿ. ಸುಮಾರು ನಾಲ್ಕೈದು ಆಟಕ್ಕೊಮ್ಮೆ ಎದುರಾಗುವ ಪ್ರಶ್ನೆಯನ್ನು ಮೊದಲೇ ಇತ್ಯರ್ಥಮಾಡದೆ ಎಲೆ ಹಂಚುವವರ ಧೈರ್ಯವನ್ನು ಮೆಚ್ಚಬೇಕು!

ಜೋಡಿಯನ್ನು ಒಪ್ಪಿದ ಮಾತ್ರಕ್ಕೆ ಮುಗಿಯಲಿಲ್ಲ. ಅದನ್ನು ಯಾವಾಗ ತೋರಿಸಬೇಕು? ತುರುಪು ಬಯಲಾದ ಮೇಲೆ, ತಮ್ಮ ಕಡೆ ಒಂದು ಸುತ್ತನ್ನು ಗೆದ್ದ ಮೇಲೆ, ಎರಡೆಲೆಗಳೂ ಇನ್ನೂ ಕೈಯಲ್ಲಿದ್ದರೆ ಮಾತ್ರ ಎಂಬುದು ಹೆಚ್ಚು ಬಳಕೆಯಲ್ಲಿರುವ ಪದ್ಧತಿ. ನನಗೂ ಅದೇ ಸರಿಯೆಂದು ತೋರುತ್ತದೆ. ಒಂದು ಸುತ್ತನ್ನಾದರೂ ಗೆದ್ದು ಸಂಪಾದಿಸಿದ ಹಕ್ಕಿಗೆ ಬೆಲೆಯುಂಟು.

ಇದಕ್ಕಿಂತಲೂ ಸೂಕ್ಷ್ಮವಾದುದು ತುರುಪನ್ನು ಕೇಳುವ ಕಟ್ಟಳೆ. ಆಡಿದ ಜಾತಿಯ ಎಲೆ ಇಲ್ಲದವನು ಕವುಚಿಟ್ಟ ತುರುಪನ್ನು ತೋರಿಸೆಂದು ಕೇಳಬಹುದು. ಕೇಳಿದ ಮೇಲೆ, ತನ್ನಲ್ಲಿದ್ದರೆ, ತುರುಪನ್ನೇ ಆಡಬೇಕೆಂದು ಕೆಲವರು. ಇಷ್ಟಬಂದುದನ್ನು ಎಸೆಯಬಹುದೆಂದು ಕೆಲವರು. ಮೊದಲನೆಯ ಪಕ್ಷವೇ ನನ್ನದು. ಕೂಗಿದವನ ಬಲವೆಲ್ಲ ಆ ಗುಟ್ಟಿನಲ್ಲಿದೆ; ಬೆಲೆ ತೆರದೆ ಗುಟ್ಟನ್ನು ಬಿಡಿಸುವುದಾದರೆ ಎಲೆಯನ್ನು ಕವುಚಿಡುವುದಾದರೂ ಏತಕ್ಕೆ?

ಉಳಿದ ಭೇದಗಳು ಇಷ್ಟು ತೊಡಕಿನವಲ್ಲ. ಕೆಲವೆಡೆ ಕಡೆಯ ಸುತ್ತಿಗೆ ಒಂದು ಅಂಕ ಸೇರಿ ಒಟ್ಟು 29 ಆಗುತ್ತದೆ. ಬಂಗಾಳದಲ್ಲಿ ಆಟದ ಹೆಸರೇ ಇಪ್ಪತ್ತೊಂಬತ್ತು. ಅಲ್ಲಿ ಅನೇಕರು ಈಗ ಆ ಒಂದನ್ನು ಎಣಿಸುವುದನ್ನು ಬಿಟ್ಟಿದ್ದಾರೆ, ಹೆಸರನ್ನು ಮಾತ್ರ ಬಿಟ್ಟಿಲ್ಲ. ಕನಿಷ್ಠ ಕೂಗು ಒಂದೆಡೆ 14, ಮತ್ತೊಂದೆಡೆ 15 ಅಥವಾ 16. ಜೊತೆಗಾರನ ಕೂಗಿನ ಮೇಲೆ ಕೂಗುವುದಾದರೆ 20ಕ್ಕೆ ಕಡಮೆಯಿರಕೂಡದೆಂಬ ಕಟ್ಟಳೆಯೂ ಉಂಟು. ಇದು ಮರ್ಯಾದೆಯ ಮಾತಷ್ಟೇ ಅಲ್ಲ, ಜೊತೆಗಾರರು ಏರಿಸುತ್ತ ಪರಸ್ಪರ ಎಲೆಗಳ ಸಮಾಚಾರ ತಿಳಿಸಿಕೊಳ್ಳದಿರಲೆಂಬ ಉಪಾಯವೂ ಹೌದು. ನಾಲ್ಕು ಗುಲಾಮರೂ ಒಬ್ಬನಿಗೇ ಬಂದರೆ ಕೆಲವರು ಮತ್ತೆ ಹಂಚುತ್ತಾರೆ. ಅಂಥ ಎಲೆ ಹಿಡಿದವನ ಮುಖವನ್ನು ಆಗ ನೋಡಬೇಕು.

ಲೆಕ್ಕವಿಡುವುದಕ್ಕೆ ಕಾಗದ ಬೇಡ. ತೆಗೆದಿಟ್ಟ ಎಲೆಗಳಲ್ಲಿ ಒಂದು ಕೆಂಪು ಆರನ್ನೂ ಒಂದು ಕಪ್ಪು ಆರನ್ನೂ ಪ್ರತಿ ಕಡೆಯವರಿಗೆ ಕೊಟ್ಟು, ಗೆದ್ದಂತೆ ಕೆಂಪಿನ, ಸೋತಂತೆ ಕಪ್ಪಿನ ಗುರುತುಗಳನ್ನು ಒಂದೊಂದಾಗಿ ತೆರೆಯುವ ರೂಢಿಯಿದೆ. ಎಷ್ಟು ತೆರೆಯಬೇಕೆಂಬಲ್ಲಿ ಮತ್ತೆ ಭೇದ. ಗೆದ್ದರೆ ಒಂದು, ಸೋತರೆ ಎರಡು ಎನ್ನುವ ಮನೆಗಳಲ್ಲಿ ಜನರು ಹಿಡಿದು ಕೂಗುತ್ತಾರೆ. ಎರಡಕ್ಕೂ ಒಂದೇ ಎನ್ನುವಲ್ಲಿ ಕೂಗು ಸಲೀಸಾಗಿ ಏರುತ್ತದೆ.

ಕಟ್ಟಳೆಯನ್ನು ಗೊತ್ತುಮಾಡುವ ಅಧಿಕಾರ ಆತಿಥೇಯರದು, ಆದರೆ ಮೊದಲ ಎಲೆ ಬೀಳುವ ಮುನ್ನ ಮಾತ್ರ. ನಮ್ಮ ಅಧ್ಯಾಪಕರ ಕೊಠಡಿಯ ಇಸ್ಪೀಟಿನ ಪೆಟ್ಟಿಗೆಯಲ್ಲಿ ಇದಕ್ಕಾಗಿ ಒಂದು ಚೀಟಿಯನ್ನೇ ಇಟ್ಟಿದ್ದೇವೆ. ಜೋಡಿಯ ಸಾಲನ್ನು ಅದರಲ್ಲಿ ಎರಡು ಸಾರಿ ಹೊಡೆದುಹಾಕಿ ಮೂರು ಸಾರಿ ಬರೆದಿದೆ.