ಹಡಗಿನಲ್ಲಿ ಉಳಿಸಿದ ರೊಕ್ಕ ಮನೆಗೆ ಬರ್ತದೇನು?

ಕಲಬುರಗಿಯ ಜಗತ್‌ನಿಂದ ಮಾತಾಡ್ತಾ ಇದ್ದೀನಿ. ಹಿಂದೆ ಗಾಡಿಗಳ ಹಾರ್ನ್ ಕೇಳಿಸಿದ್ರೆ ಹೊಟ್ಟೆಗೆ ಹಾಕ್ಕೊಳ್ರಿ. ಕಿಟಕಿ ಮುಚ್ಚಿದ್ರೂ ಜಗತ್ ಸರ್ಕಲ್ ಒಳಗೆ ಬಂದೇ ಬರುತ್ತೆ.

ಇವತ್ತಿನ ವಿಷಯ ಕ್ರೂಸ್ ಹಡಗಿನಲ್ಲಿ ಕೊಡೋ ಆನ್‌ಬೋರ್ಡ್ ಕ್ರೆಡಿಟ್. ಸಮುದ್ರವೇ ಇಲ್ಲದ ಊರಲ್ಲಿ ಕುಂತು ಇವನೇನು ಹಡಗಿನ ಲೆಕ್ಕ ಹೇಳ್ತಾನೆ ಅಂತ ನಗಬೇಡ್ರಿ. ಮುಂಬೈನಿಂದ ಗೋವಾ, ಲಕ್ಷದ್ವೀಪದ ಕಡೆಗೆ ಕಾರ್ಡೆಲಿಯಾ ಹಡಗು 2021ರಲ್ಲೇ ಶುರುವಾಗಿದೆ. ಇಲ್ಲಿ ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಮುಂಬೈ. ಅದೂ ಅಲ್ಲದೆ ನಮ್ಮ ಭಾಗದ ಎಷ್ಟೋ ಮನೆಗಳ ಮಕ್ಕಳು ಅಮೆರಿಕ, ಸಿಂಗಾಪುರದಲ್ಲಿದ್ದಾರೆ. ಅಪ್ಪ-ಅಮ್ಮ ಅಲ್ಲಿಗೆ ಹೋದಾಗ ಒಂದು ವಾರ ಹಡಗಿನಲ್ಲಿ ಸುತ್ತಿಸಿಕೊಂಡು ಬರೋದು ಈಗ ಸಾಮಾನ್ಯ ಆಗ್ತಾ ಇದೆ.

ಈ ವಿಷಯ ತೆಗೆದುಕೊಳ್ಳೋಕೆ ಇನ್ನೊಂದು ಕಾರಣವೂ ಇದೆ. ನಾನು ಒಂದು ತಪ್ಪು ಸಲಹೆ ಕೊಟ್ಟಿದ್ದೆ. ಅದರಿಂದ ನಮ್ಮ ಮನೆಯವರೇ ಕಳ್ಕೊಂಡ್ರು. ಅದನ್ನ ಮೊದಲು ಹೇಳಿಬಿಡ್ತೀನಿ.

ನಮ್ಮ ದೊಡ್ಡಪ್ಪ-ದೊಡ್ಡಮ್ಮ ಇರೋದು ಕಮಲಾಪುರದಲ್ಲಿ. ಕೆಂಪು ಬಾಳೆ ತೋಟ ಇದೆ. ಅವರ ಮಗ, ಅಂದ್ರೆ ನಮ್ಮ ಅಣ್ಣ, ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾನೆ. ಇವರಿಬ್ಬರೂ ಅಲ್ಲಿಗೆ ಹೋದಾಗ ಗಾಲ್ವೆಸ್ಟನ್ ಬಂದರಿನಿಂದ ಏಳು ರಾತ್ರಿಯ ಕ್ರೂಸ್ ಬುಕ್ ಮಾಡಿದ. ಇವರಿಗೊಂದು ರೂಮು, ಅಣ್ಣ-ಅತ್ತಿಗೆ, ಮಕ್ಕಳಿಗೆ ಪಕ್ಕದ ರೂಮು. ಇವರ ರೂಮಿನ ಬುಕಿಂಗ್ ಮೇಲೆ ಕಂಪನಿಯವರು ಆಫರ್ ಅಂತ 200 ಡಾಲರ್ ಆನ್‌ಬೋರ್ಡ್ ಕ್ರೆಡಿಟ್ ಕೊಟ್ಟಿದ್ರು. ಅದರ ಫೋಟೋ ದೊಡ್ಡಮ್ಮ ನನಗೆ ವಾಟ್ಸಾಪ್ ಮಾಡಿದಳು.

"ತಮ್ಮಾ, ನೀ ಬಿ.ಕಾಂ. ಓದೀದಿ. ಇದು ಏನದ ನೋಡು."

ನಾನು ನೋಡಿದೆ. ಕ್ರೆಡಿಟ್ ಅಂತ ಇತ್ತು. ನಮಗೆ ಕಾಲೇಜಿನಲ್ಲಿ ಕಲಿಸಿದ್ದೇನು? ನನ್ನ ಖಾತೆ ಇನ್ನೊಬ್ಬರ ಪುಸ್ತಕದಲ್ಲಿ ಕ್ರೆಡಿಟ್ ಬ್ಯಾಲೆನ್ಸ್ ತೋರಿಸಿದ್ರೆ ಅವರು ನನಗೆ ಕೊಡಬೇಕು ಅಂತ. ಅದೇ ಧೈರ್ಯದಲ್ಲಿ, "ನಿಮ್ಮ ಹೆಸರಲ್ಲಿ ರೊಕ್ಕ ಜಮಾ ಅದ ದೊಡ್ಡಮ್ಮ, ಖರ್ಚು ಮಾಡದೆ ಉಳಿದ್ರ ವಾಪಸ್ ಬರ್ತದ" ಅಂದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ನಾನ್-ರಿಫಂಡಬಲ್ ಅಂತ ಬರೆದಿತ್ತು. ನಾನು ಫೋಟೋ ಹಿಗ್ಗಿಸಿ ನೋಡ್ಲೇ ಇಲ್ಲ.

ಸರಿ, ಈ ಕ್ರೆಡಿಟ್ ಅಂದ್ರೇನು, ಮೊದಲು ಅದನ್ನ ತಿಳ್ಕೊಳ್ಳೋಣ.

ಹಡಗಿನ ಒಳಗೆ ಸಾಮಾನ್ಯವಾಗಿ ನಗದು ನಡೆಯೋದಿಲ್ಲ. ಹತ್ತುವಾಗ ಒಂದು ಕಾರ್ಡ್ ಕೊಡ್ತಾರೆ. ರೂಮಿನ ಕೀಲಿಯೂ ಅದೇ, ಪಾಕೀಟೂ ಅದೇ. ಟಿಕೆಟ್ ಹಣದಲ್ಲಿ ರೂಮು, ಮುಖ್ಯ ಊಟ, ನಾಟಕ-ಸಂಗೀತ ಇವೆಲ್ಲ ಬರುತ್ತೆ. ವೈಫೈ, ವಿಶೇಷ ಹೋಟೆಲಿನ ಊಟ, ಸ್ಪಾ, ಅಂಗಡಿ ಸಾಮಾನು, ಫೋಟೋ, ಬಂದರಿನಲ್ಲಿ ಇಳಿದು ಊರು ನೋಡೋ ಟೂರು, ಇವಕ್ಕೆಲ್ಲ ಬೇರೆ ದುಡ್ಡು. ಖರ್ಚು ಮಾಡಿದ ಹಾಗೆ ರೂಮಿನ ಖಾತೆಗೆ ಏರುತ್ತಾ ಹೋಗುತ್ತೆ. ಕೊನೆಯಲ್ಲಿ ನೀವು ಕೊಟ್ಟ ಕ್ರೆಡಿಟ್ ಕಾರ್ಡಿನಿಂದ ಕಡಿತ ಆಗುತ್ತೆ. ಆ ಖಾತೆಯಲ್ಲಿ ಮೊದಲೇ ನಿಮ್ಮ ಕಡೆಗೆ ಬರೆದಿಟ್ಟ ಮೊತ್ತವೇ ಆನ್‌ಬೋರ್ಡ್ ಕ್ರೆಡಿಟ್.

ಇದರಲ್ಲಿ ಎರಡು ಜಾತಿ. ರಿಫಂಡಬಲ್ ಆಗಿದ್ರೆ, ಉಳಿದದ್ದು ಪ್ರಯಾಣದ ಕೊನೆಗೆ ನಗದಾಗಿಯೋ ನಿಮ್ಮ ಕಾರ್ಡಿಗೋ ವಾಪಸ್ ಬರುತ್ತೆ. ನಾನ್-ರಿಫಂಡಬಲ್ ಆಗಿದ್ರೆ, ಹಡಗಿನಲ್ಲೇ ಮುಗಿಸಬೇಕು. ಇಳಿದ ಮೇಲೆ ಅದು ಸೊನ್ನೆ. ಅದನ್ನ ಕ್ಯಾಸಿನೋ ಕೌಂಟರಿನಲ್ಲಿ ನಗದು ಮಾಡಿಕೊಳ್ಳೋಕೂ ಸಾಮಾನ್ಯವಾಗಿ ಬಿಡೋದಿಲ್ಲ.

ಯಾವುದು ಯಾವ ಜಾತಿ ಅಂತ ಹೇಗೆ ಗೊತ್ತಾಗಬೇಕು? ನನಗೆ ಈಗ ತಿಳಿದಿರೋ ಸೂತ್ರ ಇಷ್ಟೇ: ಈ ರೊಕ್ಕ ಮೊದಲು ಯಾರ ಜೇಬಿನಿಂದ ಹೊರಟಿತ್ತು ಅಂತ ಕೇಳ್ರಿ. ನೀವು ಕಟ್ಟಿದ ಟೂರು ಹಡಗಿನವರೇ ರದ್ದು ಮಾಡಿದ್ರು, ಒಂದು ಬಂದರು ಬಿಟ್ಟುಹೋಯ್ತು ಅಂತ ಅಲ್ಲಿನ ತೆರಿಗೆ ವಾಪಸ್ ಬಂತು. ಇದು ನಿಮ್ಮ ಹಣ, ಸಾಮಾನ್ಯವಾಗಿ ರಿಫಂಡಬಲ್. ಕಂಪನಿ ಆಫರ್ ಅಂತ ಕೊಟ್ಟದ್ದು, ಅವರ ಕೈಯಿಂದ ಬಂದದ್ದು, ಹೆಚ್ಚಿನಂಶ ನಾನ್-ರಿಫಂಡಬಲ್. ಕಾರ್ನಿವಲ್ ಕಾರ್ಪೊರೇಷನ್ ತನ್ನ 100 ಷೇರು ಇಟ್ಟುಕೊಂಡವರಿಗೆ ವರ್ಷಗಳಿಂದ ಇಂಥ ಕ್ರೆಡಿಟ್ ಕೊಡ್ತಾ ಬಂದಿದೆ. ಅದನ್ನೂ ನಗದು ಮಾಡಿಕೊಳ್ಳೋ ಹಾಗಿಲ್ಲ. ಟ್ರಾವೆಲ್ ಏಜೆಂಟ್ ಕೊಟ್ಟದ್ದು, ಬಂಧುಗಳು ಉಡುಗೊರೆ ಅಂತ ಹಾಕಿಸಿದ್ದು ಮಾತ್ರ ಎರಡೂ ಕಡೆ ಬೀಳಬಹುದು. ಅದನ್ನ ಕೇಳಿಯೇ ತಿಳ್ಕೋಬೇಕು.

ಈಗ ದೊಡ್ಡಮ್ಮನ ಖಾತೆಗೆ ಬರೋಣ. 200 ಡಾಲರ್ ಮೊದಲೇ ಇತ್ತು. ಮಧ್ಯದಲ್ಲಿ ಕೋಜುಮೆಲ್‌ನಲ್ಲಿ ಗಾಳಿ ಜೋರಾಗಿ, ಅಣ್ಣ ಇವರಿಬ್ಬರಿಗೆ 120 ಡಾಲರ್ ಕಟ್ಟಿ ಮಾಡಿಸಿದ್ದ ದೋಣಿ ಟೂರು ರದ್ದಾಯ್ತು. ಆ 120 ಕೂಡ ಇದೇ ಖಾತೆಗೆ ಬಂತು. ಒಟ್ಟು 320. ಏಳು ದಿನದಲ್ಲಿ ಇವರು ಖರ್ಚು ಮಾಡಿದ್ದು 45 ಡಾಲರ್.

ಯಾಕೆ ಅಷ್ಟೇ? ಮಗನ ರೊಕ್ಕ ಉಳಿಸಿ ಮಗನಿಗೇ ಕೊಡೋಣ ಅಂತ ಇಬ್ಬರೂ ಒಳಗೊಳಗೇ ಮಾತಾಡಿಕೊಂಡಿದ್ರು. ಅಣ್ಣನಿಗೆ ಹೇಳಿರಲಿಲ್ಲ. ಅವನು ಏನು ಕೇಳಿದ್ರೂ "ಬ್ಯಾಡಪ್ಪ, ಸಾಕಾಗ್ಯದ" ಅನ್ನೋರು. ಊರಲ್ಲಿದ್ದ ಅಜ್ಜಿ ಜೊತೆ ಮಾತಾಡೋಕೆ ವೈಫೈ ಹಾಕಿಸ್ಕೊಳ್ಳಲಿಲ್ಲ. ಒಂದು ರಾತ್ರಿ ಎಲ್ಲರೂ ಒಳ್ಳೆ ಬಟ್ಟೆ ಹಾಕ್ಕೊಂಡು ಊಟಕ್ಕೆ ಹೋಗೋದಿರುತ್ತೆ. ದೊಡ್ಡಪ್ಪ ಧೋತರ ಉಟ್ಟು, ರುಮಾಲು ಸುತ್ತಿಕೊಂಡು ಹೋಗಿದ್ದ. ಹಡಗಿನ ಫೋಟೋಗ್ರಾಫರ್ ಇಬ್ಬರನ್ನೂ ನಿಲ್ಲಿಸಿ ಫೋಟೋ ತೆಗೆದ. ಮಾರನೇ ದಿನ ಗ್ಯಾಲರಿಯಲ್ಲಿ ಹಾಕಿದ್ರು. ದೊಡ್ಡಮ್ಮ ಮೂರು ಸಲ ಹೋಗಿ ನೋಡಿ ಬಂದಳಂತೆ. ತಗೊಳ್ಳಲಿಲ್ಲ.

ಇಳಿಯೋ ದಿನ ಲೆಕ್ಕ ಬಂತು. 45 ಡಾಲರ್ ಖರ್ಚನ್ನ ಮೊದಲು ನಾನ್-ರಿಫಂಡಬಲ್ 200ರಲ್ಲಿ ಕಳೆದಿದ್ರು. ಉಳಿದ 155 ಅಲ್ಲೇ ಹೋಯ್ತು. 120 ಮಾತ್ರ ಅಣ್ಣನ ಕಾರ್ಡಿಗೆ ಬಂತು. ನಮ್ಮ ಲೆಕ್ಕದಲ್ಲಿ ಹದಿಮೂರು ಸಾವಿರ ರೂಪಾಯಿ ಮೇಲೆ.

ದೊಡ್ಡಮ್ಮ ಫೋನ್ ಮಾಡಿ ಬೈಯಲಿಲ್ಲ. "ತಮ್ಮಾ, ನೀ ಹೇಳಿದ್ದಿ ಅಲ್ಲ, ಮತ್ತ ಆ ರೊಕ್ಕ ಎಲ್ಲಿ ಹೋಯ್ತು?" ಅಂತ ಕೇಳಿದಳು. ಬೈದಿದ್ರೇ ಚಲೋ ಇತ್ತು.

ಇಲ್ಲಿ ಹಡಗಿನವರು ಮೋಸ ಮಾಡಿದ್ರು ಅಂತ ನಾನು ಹೇಳೋದಿಲ್ಲ. ಬರೆದಿತ್ತು, ನಾನು ಓದಲಿಲ್ಲ. ಆದರೆ ಕಂಪನಿಗಳಿಗೆ ನಗದಿಗಿಂತ ಕ್ರೆಡಿಟ್ ಕೊಡೋದು ಯಾಕೆ ಇಷ್ಟ ಅನ್ನೋದು ನಮಗೆ ಗೊತ್ತಿರಬೇಕು. ಗಿಫ್ಟ್ ಕಾರ್ಡಿನ ಹಾಗೆ ಗ್ರಾಹಕರು ಮೊದಲೇ ಹಣ ಕಟ್ಟಿ, ತಮ್ಮ ಹಕ್ಕನ್ನ ಪೂರ್ತಿ ಬಳಸದೆ ಬಿಟ್ಟುಬಿಡೋದಕ್ಕೆ ಅಕೌಂಟಿಂಗ್‌ನಲ್ಲಿ ಬ್ರೇಕೇಜ್ ಅಂತ ಹೆಸರಿದೆ. ನಮ್ಮ ದೇಶದಲ್ಲಿ 2018ರ ಏಪ್ರಿಲ್‌ನಿಂದ ಜಾರಿಯಲ್ಲಿರೋ ಇಂಡ್ ಎಎಸ್ 115 ಅನ್ನೋ ಮಾನದಂಡದಲ್ಲೂ ಅದನ್ನ ಆದಾಯಕ್ಕೆ ಹೇಗೆ ತಗೋಬೇಕು ಅಂತ ನಿಯಮ ಇದೆ. ಅಂದ್ರೆ ಜನ ಒಂದಿಷ್ಟು ಬಳಸದೇ ಬಿಡ್ತಾರೆ ಅನ್ನೋದು ವ್ಯಾಪಾರದ ಲೆಕ್ಕದಲ್ಲಿ ಮೊದಲೇ ಇರೋ ಮಾತು.

ಇದರ ಬೆಲೆ ಎಷ್ಟು ಅಂತ ಕೊರೊನಾ ಕಾಲದಲ್ಲಿ ಚೆನ್ನಾಗಿ ಕಾಣಿಸ್ತು. 2020ರಲ್ಲಿ ಕ್ರೂಸ್‌ಗಳು ನಿಂತಾಗ ರಾಯಲ್ ಕೆರಿಬಿಯನ್ ಜನರ ಮುಂದೆ ಎರಡು ದಾರಿ ಇಟ್ಟಿತು: ಕಟ್ಟಿದ ಹಣ ಪೂರ್ತಿ ವಾಪಸ್ ತಗೊಳ್ರಿ, ಇಲ್ಲಾ ಮುಂದಿನ ಪ್ರಯಾಣಕ್ಕೆ 125 ಪ್ರತಿಶತ ಕ್ರೆಡಿಟ್ ತಗೊಳ್ರಿ. ನಗದು ಹೊರಗೆ ಹೋಗದೆ ಇರಲಿ ಅಂತ ನಾಲ್ಕರಲ್ಲಿ ಒಂದು ಭಾಗ ಹೆಚ್ಚಿಗೆ ಕೊಡೋಕೆ ತಯಾರಿದ್ರು.

ನಮ್ಮಲ್ಲಿ ಅದೇ ವರ್ಷ ವಿಮಾನದ ಟಿಕೆಟ್ ರದ್ದಾದವರಿಗೆ ಅನೇಕ ಕಂಪನಿಗಳು ಹಣದ ಬದಲು ಕ್ರೆಡಿಟ್ ಶೆಲ್ ಅಂತ ಕೊಟ್ಟವು. ವಿಷಯ ಸುಪ್ರೀಂ ಕೋರ್ಟಿಗೆ ಹೋಯ್ತು. 2020ರ ಅಕ್ಟೋಬರ್ 1ರ ತೀರ್ಪಿನ ಸಾರ ಹೀಗಿದೆ: ಲಾಕ್‌ಡೌನ್ ಸಮಯದಲ್ಲಿ ಬುಕ್ ಮಾಡಿ, ಅದೇ ಅವಧಿಯ ಪ್ರಯಾಣ ರದ್ದಾದವರಿಗೆ ಪೂರ್ತಿ ಹಣ ಕೂಡಲೇ ವಾಪಸ್. ಮೊದಲೇ ಬುಕ್ ಮಾಡಿದ್ದವರಿಗೆ 15 ದಿನದಲ್ಲಿ ಕೊಡಬೇಕು, ಕಂಪನಿಗೆ ಹಣದ ಅಡಚಣೆ ಇದ್ರೆ ಕ್ರೆಡಿಟ್ ಶೆಲ್ ಕೊಡಬಹುದು. ಆದರೆ ಅದರ ಮೊತ್ತ 2020ರ ಜೂನ್ 30ರವರೆಗೆ ತಿಂಗಳಿಗೆ 0.5 ಪ್ರತಿಶತ, ಆಮೇಲೆ 0.75 ಪ್ರತಿಶತ ಏರಬೇಕು. ಬೇರೆಯವರಿಗೆ ವರ್ಗಾಯಿಸಬಹುದು. 2021ರ ಮಾರ್ಚ್ 31ರ ತನಕ ಬಳಸದೆ ಉಳಿದ್ರೆ ಹಣ ವಾಪಸ್ ಕೊಡಬೇಕು. ಯಾಕಂದ್ರೆ ಅದು ಪ್ರಯಾಣಿಕರು ಕಟ್ಟಿದ ಹಣ. ನಾನು ಮೊದಲು ಹೇಳಿದ ಸೂತ್ರ ಇಲ್ಲೂ ಅದೇ. ಆಫರಿನಲ್ಲಿ ಬಂದ 200 ಡಾಲರಿಗೆ ಈ ವಾದ ನಡೆಯೋದಿಲ್ಲ.

ಹಾಗಾದ್ರೆ ದೊಡ್ಡಮ್ಮ ಏನು ಮಾಡಬಹುದಿತ್ತು? ಇಲ್ಲಿ ಸ್ವಲ್ಪ ಗಮನ ಕೊಟ್ಟು ಕೇಳ್ರಿ, ಹೋಗೋರಿಗೆ ಉಪಯೋಗ ಆಗುತ್ತೆ.

ಮೊದಲನೇದು, ಸಿಬ್ಬಂದಿಗೆ ಕೊಡೋ ಗ್ರಾಚುಟಿ. ದೊಡ್ಡ ಅಮೆರಿಕನ್ ಕಂಪನಿಗಳಲ್ಲಿ ಈಗ ಒಬ್ಬರಿಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್. ಇಬ್ಬರಿಗೆ ಏಳು ದಿನಕ್ಕೆ 16ರಂತೆ ಹಿಡಿದ್ರೂ 224. ಅಣ್ಣ ಅದನ್ನ ಬುಕಿಂಗ್ ಸಮಯದಲ್ಲೇ ಕಟ್ಟಿಬಿಟ್ಟಿದ್ದ. ಕಟ್ಟದೆ ಬಿಟ್ಟಿದ್ರೆ ಅದು ದಿನಾ ರೂಮಿನ ಖಾತೆಗೆ ಏರುತ್ತಿತ್ತು. ಅನೇಕ ಕಂಪನಿಗಳಲ್ಲಿ ಕ್ರೆಡಿಟ್ ಅದಕ್ಕೆ ಸಲ್ಲುತ್ತೆ. 200 ಡಾಲರ್ ಅಲ್ಲೇ ಸಾರ್ಥಕ ಆಗ್ತಿತ್ತು. ಹಾಗಾಗಿ ನಾನ್-ರಿಫಂಡಬಲ್ ಕ್ರೆಡಿಟ್ ಇದ್ರೆ, ಗ್ರಾಚುಟಿಗೆ ಅದು ಸಲ್ಲುತ್ತಾ ಅಂತ ಬುಕಿಂಗ್ ಹೊತ್ತಿಗೇ ಕೇಳ್ರಿ.

ಎರಡನೇದು, ಹತ್ತಿದ ದಿನವೇ ಗೆಸ್ಟ್ ಸರ್ವಿಸಸ್ ಕೌಂಟರಿಗೆ ಹೋಗಿ ಖಾತೆ ತೋರಿಸಿ ಅಂತ ಕೇಳ್ರಿ. ಎಷ್ಟು ರಿಫಂಡಬಲ್, ಎಷ್ಟು ಅಲ್ಲ, ಖರ್ಚು ಯಾವುದರಿಂದ ಮೊದಲು ಕಳೀತೀರಿ, ಈ ಮೂರು ಪ್ರಶ್ನೆ. ಸಾಮಾನ್ಯವಾಗಿ ನಾನ್-ರಿಫಂಡಬಲ್‌ನಿಂದ ಮೊದಲು ಕಳೀತಾರೆ, ಅದು ನಮಗೂ ಒಳ್ಳೇದೇ. ಕ್ರೆಡಿಟ್ ತಲೆಗಿಷ್ಟೋ ರೂಮಿಗಿಷ್ಟೋ ಅಂತಲೂ ಕೇಳ್ರಿ.

ಮೂರನೇದು, ಲೆಕ್ಕ ಕೊನೆಯ ಬೆಳಿಗ್ಗೆಗೆ ಇಡಬೇಡ್ರಿ. ಹಡಗು ಬಂದರಿನಲ್ಲಿ ನಿಂತಾಗ ಒಳಗಿನ ಅಂಗಡಿಗಳು ಮುಚ್ಚಿರುತ್ತವೆ. ಇಳಿಯೋ ಹಿಂದಿನ ದಿನ ಸಂಜೆಯೇ ಎಷ್ಟು ಉಳಿದಿದೆ ನೋಡಿ, ಬೇಕಾದ್ದು ತಗೊಳ್ರಿ.

ನಾಲ್ಕನೇದು, ರಿಫಂಡಬಲ್ ಇದ್ರೆ ಯಾವ ಕಾರ್ಡಿಗೆ ವಾಪಸ್ ಹೋಗುತ್ತೆ ಅಂತ ತಿಳ್ಕೊಂಡು, ಕೊನೆಯ ಲೆಕ್ಕದ ಪ್ರತಿ ಇಟ್ಕೊಳ್ರಿ. ನಮ್ಮ ಕಾರ್ಡಿಗೆ ಬಂದ್ರೆ ಡಾಲರ್ ರೂಪಾಯಿ ಆಗುವಾಗ ಸ್ವಲ್ಪ ಹೆಚ್ಚು ಕಡಿಮೆ ಆಗುತ್ತೆ, ಅದು ಸಹಜ.

ಹೋದ ತಿಂಗಳು ಕಮಲಾಪುರಕ್ಕೆ ಹೋಗಿದ್ದೆ. ಇದನ್ನೆಲ್ಲ ದೊಡ್ಡಪ್ಪನ ಮುಂದೆ ಕುಂತು ಹೇಳಿದೆ. ರಿಫಂಡಬಲ್, ನಾನ್-ರಿಫಂಡಬಲ್, ಬ್ರೇಕೇಜ್, ಎಲ್ಲಾ. ಅವನು ಗೊನೆಯಿಂದ ಹಣ್ಣು ಬಿಡಿಸ್ತಾ ಕೇಳಿದ. ಆಮೇಲೆ ಅಂದ: "ಡಜನ್ ಹಣ್ಣು ಕೊಟ್ಟು ಮ್ಯಾಲ ಎರಡು ಕೊಸರು ಹಾಕ್ತೀನಿ. ಗಿರಾಕಿ ತಿನ್ನಲಿ ಅಂತ ಹಾಕ್ತೀನಿ. ಅದರ ರೊಕ್ಕ ಕೊಡು ಅಂದ್ರ ಕೊಡ್ತೀನೇನು? ಅದು ಕೊಸರು ಅಂತ ನೀ ಮೊದಲೇ ಹೇಳಿದ್ರ ನಾವು ತಿಂದು ಬರ್ತಿದ್ವಿ."

ನಾನು ಮೂರು ವರ್ಷ ಬಿ.ಕಾಂ. ಓದಿ ಹೇಳೋಕಾಗದ್ದನ್ನ ಅವನು ಒಂದೇ ಶಬ್ದದಲ್ಲಿ ಹೇಳಿದ. ಮುಂಗಡ ಕೊಟ್ಟಿದ್ರೆ ಉಳಿದದ್ದು ಕೇಳಿ ತಗೊಳ್ರಿ. ಕೊಸರು ಆಗಿದ್ರೆ ಅಲ್ಲೇ ತಿಂದು ಬರ್ರಿ. ಉಳಿಸೋ ಅಭ್ಯಾಸ ನಮ್ಮ ಹಿರಿಯರದ್ದು, ಅದು ತಪ್ಪಲ್ಲ. ಏನನ್ನ ಉಳಿಸಬಹುದು, ಏನನ್ನ ಉಳಿಸೋಕಾಗಲ್ಲ ಅಂತ ಓದಿ ಹೇಳಬೇಕಾದವರು ನಾವು.

ಆ ಫೋಟೋಕ್ಕಾಗಿ ಅಣ್ಣ ಹಡಗಿನ ಕಂಪನಿಗೆ ಮೇಲ್ ಮಾಡಿದ್ದ. ಪ್ರಯಾಣ ಮುಗಿದ ಮೇಲೆ ಇಟ್ಕೊಳ್ಳೋದಿಲ್ಲ ಅಂತ ಉತ್ತರ ಬಂತು.

ನಿಮ್ಮ ಮನೆಯವರು ಯಾರಾದ್ರೂ ಹಡಗು ಹತ್ತೋರಿದ್ರೆ ಈ ಎಪಿಸೋಡ್ ಅವರಿಗೆ ಕಳಿಸ್ರಿ. ಅವರು ಫೋಟೋ ಕಳಿಸಿ ಏನಾದ್ರೂ ಕೇಳಿದ್ರೆ, ದಯವಿಟ್ಟು ಹಿಗ್ಗಿಸಿ ನೋಡ್ರಿ. ಮುಂದಿನ ವಾರ ಸಿಗೋಣ. ಬರ್ತೀನ್ರಿ.