ಬಣ್ಣನೆ ಎಲ್ಲಿ ನಿಲ್ಲಬೇಕು?

ಮೇಜಿನ ಸುತ್ತ ನಾಲ್ಕೈದು ಜನ. ಮುಂದೆ ಕಾಗದ, ಪೆನ್ಸಿಲು, ಹಲವು ಮುಖಗಳ ದಾಳಗಳು. ಒಬ್ಬ ಕಲ್ಪಿತ ಲೋಕವೊಂದನ್ನು ಬಣ್ಣಿಸುತ್ತಾನೆ. ಉಳಿದವರು ಅದರೊಳಗಿನ ಪಾತ್ರಗಳಾಗಿ ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಈ ಬಗೆಯ ಆಟವನ್ನು ಮಾರುಕಟ್ಟೆಗೆ ತಂದಿತು. ಮೊದಲು ಅಚ್ಚಾದದ್ದು 1000 ಪ್ರತಿ.

ಆ ಮೊದಲ ಪುಸ್ತಕಗಳಲ್ಲಿ ಆಟ ನಡೆಸುವವನ ಹೆಸರು 'ರೆಫರಿ'. 'ಡಂಜನ್ ಮಾಸ್ಟರ್' ಎಂಬ ಗತ್ತಿನ ಬಿರುದು ಆಮೇಲಿನದು. ಹಳೆಯ ಹೆಸರೇ ಒಂದು ರೀತಿಯಲ್ಲಿ ಮೇಲಾಗಿತ್ತು. ರೆಫರಿ ಆಟ ನಡೆಸುತ್ತಾನೆ, ತಾನೇ ಚೆಂಡು ಒದೆಯುವುದಿಲ್ಲ.

ಇದರ ಬೇರು 1969ರಷ್ಟು ಹಿಂದಿನದು. ಡೇವ್ ವೆಸೆಲಿ ಎಂಬಾತ 'ಬ್ರೌನ್‌ಸ್ಟೈನ್' ಎಂಬ ಕಲ್ಪಿತ ಜರ್ಮನ್ ಊರನ್ನಿಟ್ಟುಕೊಂಡು ಯುದ್ಧದ ಆಟವೊಂದನ್ನು ನಡೆಸಿದ. ಪ್ರತಿಯೊಬ್ಬರಿಗೂ ಒಂದೊಂದು ಪಾತ್ರ ಕೊಟ್ಟಿದ್ದ. ಆಟಗಾರರು ಅವನ ಯೋಜನೆ ಬದಿಗಿಟ್ಟು ತಮ್ಮ ತಮ್ಮ ಹಾದಿ ಹಿಡಿದರು. ಆಟ ಕೆಟ್ಟಿತೆಂದು ವೆಸೆಲಿ ಅಂದುಕೊಂಡ. ಆಡಿದವರಿಗೆ ಮಾತ್ರ ಅದೇ ಬೇಕಾಗಿತ್ತು! ಆ ಆಟಗಾರರಲ್ಲಿ ಆರ್ನೆಸನ್ ಕೂಡ ಒಬ್ಬ.

ಮುಂದೆ ಸಿದ್ಧ ಸಾಹಸಗಳ ಪುಸ್ತಿಕೆಗಳು ಬಂದವು. ಚೌಕಟ್ಟಿನೊಳಗೆ ಅಚ್ಚುಮಾಡಿದ ವರ್ಣನೆಯನ್ನು ಗಟ್ಟಿಯಾಗಿ ಓದಬೇಕೆಂಬ ಪದ್ಧತಿ ಅವುಗಳಿಂದ ಹಬ್ಬಿತು. ಸ್ಪರ್ಧೆಗಳಲ್ಲಿ ಇದಕ್ಕೆ ಅರ್ಥವಿದೆ. ಎಲ್ಲ ತಂಡಗಳಿಗೂ ಒಂದೇ ಮಾಹಿತಿ ಸಿಗಬೇಕಲ್ಲ. ಮನೆಯ ಮೇಜಿನ ಮೇಲೆ ಮಾತ್ರ ಅದು ಪಾಠ ಒಪ್ಪಿಸಿದಂತಾಗುತ್ತದೆ.

ಒಂದು ಕೋಣೆಯನ್ನೇ ತೆಗೆದುಕೊಳ್ಳಿ. ಗೋಡೆಯ ಕೆತ್ತನೆ, ಪರದೆಯ ಬಣ್ಣ, ಕಂಬಗಳ ಇತಿಹಾಸ ಎಲ್ಲ ಹೇಳಿ, ಕೊನೆಗೆ 'ಮೂಲೆಯಲ್ಲೊಂದು ತೋಳ ನಿಂತಿದೆ' ಎಂದರೆ ಹೇಗೆ? ಒಳಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುವುದೇ ತೋಳ! ಅದಕ್ಕಿಂತ ಹೀಗೆನ್ನಬಹುದು: 'ಒದ್ದೆ ಕೂದಲಿನ ನಾತ. ಮುರಿದ ಮೇಜಿನ ಹಿಂದೆ ತೋಳವೊಂದು ಗುರುಗುಡುತ್ತಿದೆ. ಅದರಾಚೆ ಅರೆತೆರೆದ ಬಾಗಿಲು. ಏನು ಮಾಡುತ್ತೀರಿ?'

ಇಲ್ಲಿ ನಾತ, ಸದ್ದು, ಅಡಗಲು ಮರೆ, ಓಡಲು ದಾರಿ, ನಾಲ್ಕೂ ಇವೆ. ಪರದೆ ಯಾವ ಬಣ್ಣದ್ದೆಂದು ಯಾರಾದರೂ ಕೇಳಿದರೆ ಆಗ ಹೇಳಿದರಾಯಿತು. ಕೇಳಿದವನು ಅದಕ್ಕೆ ಬೆಂಕಿ ಹಚ್ಚುವ ಯೋಚನೆಯಲ್ಲಿರಬಹುದು.

ಚುಟುಕು ಎಂದರೆ ಬಡಕಲು ಎಂದಲ್ಲ. ತೋಳದ ಕುತ್ತಿಗೆಯಲ್ಲಿ ಯಾರೋ ಕಟ್ಟಿದ ಪಟ್ಟಿಯಿದ್ದರೆ ಅದನ್ನು ಬಿಡಬಾರದು. ಹೋರಾಡಲು ಎದ್ದವನು ಅದನ್ನು ಕಂಡು, ಒಡೆಯ ಹತ್ತಿರದಲ್ಲೇ ಇದ್ದಾನೆಯೇ ಎಂದು ಬಾಗಿಲಿನತ್ತ ತಿರುಗಿಯಾನು. ಅಷ್ಟರಲ್ಲಿ ದಾಳ ಇನ್ನೊಬ್ಬನ ಕೈಯಲ್ಲಿರುತ್ತದೆ.