ಗಾಳಿಮಳೆಗೆ ರೇಂಜ್ ಯಾಕೆ ಹೋಗುತ್ತದೆ?

(ಟೆಕ್ಸಾಸ್‌ನಲ್ಲಿರುವ ಊರಿನವರ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಡಲ್ಲಾಸ್, ಹೂಸ್ಟನ್, ಆಸ್ಟಿನ್‌ಗಳಲ್ಲಿ ದುಡಿಯುವ ನಮಗೆ ಊರಿನೊಂದಿಗೆ ಇರುವ ಸಂಬಂಧ ಫೋನಿನಲ್ಲೇ. ಎರಡು ದಿನ ಮಾತಾಡದಿದ್ದರೆ ಅಲ್ಲಿ ಉಮ್ಮನಿಗೆ ಅನ್ನ ಇಳಿಯುವುದಿಲ್ಲ. ಹಾಗಾಗಿ ರೇಂಜ್ ಹೋದಾಗ "ಮಳೆಯಲ್ವಾ, ಅದಕ್ಕೇ" ಅಂತ ಸುಮ್ಮನಾದರೆ ಸಾಲದು.

ಮಳೆ ನಿಜವಾಗಿ ಅಡ್ಡ ಬರುವುದು ಸುಮಾರು 10 ಗಿಗಾಹರ್ಟ್ಸ್‌ಗಿಂತ ಮೇಲಿನ ಅಲೆಗಳಿಗೆ. ಊರಲ್ಲಿ ಜೋರು ಮಳೆಗೆ ಡಿಶ್ ಟಿವಿ ನಿಲ್ಲುವುದು ಇದರಿಂದಲೇ. ನೀರಿನ ಹನಿಗಳು ಅಲೆಯನ್ನು ಹೀರಿ, ಚದುರಿಸುತ್ತವೆ. ನಮ್ಮ ಮೊಬೈಲ್ ಹೆಚ್ಚಾಗಿ ಓಡುವುದು 4 ಗಿಗಾಹರ್ಟ್ಸ್‌ನ ಕೆಳಗೆ. ಅದಕ್ಕೆ ಮಳೆ ದೊಡ್ಡ ಲೆಕ್ಕವಲ್ಲ. ಒದ್ದೆ ಎಲೆಯ ಮರಗಳು ಸ್ವಲ್ಪ ತಡೆದಾವು, ಅಷ್ಟೆ. ಮಿಲಿಮೀಟರ್ ಅಲೆಯ 5ಜಿಗೆ ಮಾತ್ರ ಮಳೆಯೂ ಕಷ್ಟ, ಮರವೂ ಕಷ್ಟ.

ದೊಡ್ಡ ತೊಂದರೆ ಕರೆಂಟಿನದ್ದು. 2021ರ ಫೆಬ್ರವರಿಯ ಚಳಿ ನೆನಪುಂಟಲ್ಲ? 16ನೇ ತಾರೀಕು ಡಲ್ಲಾಸ್ ವಿಮಾನ ನಿಲ್ದಾಣದಲ್ಲಿ ಮೈನಸ್ 19 ಡಿಗ್ರಿ ಸೆಲ್ಸಿಯಸ್! ವಿದ್ಯುತ್ ಸ್ಥಾವರ, ಗ್ಯಾಸ್ ಬಾವಿ ಎಲ್ಲ ಹೆಪ್ಪುಗಟ್ಟಿ, 15ರ ನಡುರಾತ್ರಿ ಕಳೆದ ಮೇಲೆ ಕರೆಂಟ್ ಕಡಿತ ಶುರುವಾಯಿತು. 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಲ್ಲಿ ಕತ್ತಲೆ. ಟವರಿನ ಬ್ಯಾಟರಿ ಬರುವುದು ಕೆಲವೇ ಗಂಟೆ. ಜನರೇಟರ್ ಇದ್ದರೂ ಮಂಜುಗಟ್ಟಿದ ರಸ್ತೆಯಲ್ಲಿ ಡೀಸೆಲ್ ಒಯ್ಯುವವರು ಯಾರು? ಟೆಕ್ಸಾಸ್ ಆರೋಗ್ಯ ಇಲಾಖೆಯ ಲೆಕ್ಕದಂತೆ 246 ಜನ ತೀರಿಹೋದರು. ಕೆಲವರು ಮುಚ್ಚಿದ ಗ್ಯಾರೇಜಿನಲ್ಲಿ ಕಾರು ಚಾಲೂ ಇಟ್ಟು, ಅದರ ವಿಷಗಾಳಿಯಿಂದ. ಫೋನ್ ಚಾರ್ಜ್ ಮಾಡಲಿಕ್ಕಾದರೂ ಸರಿ, ಅದೊಂದು ಮಾಡಬೇಡಿ ಮಾರಾಯ್ರೆ. ಕಾರನ್ನು ಹೊರಗೆ ತಂದೇ ಚಾಲೂ ಮಾಡಿ.

ಚಂಡಮಾರುತದ ಕಥೆಯೂ ಇದೇ. 2017ರ ಆಗಸ್ಟ್‌ನಲ್ಲಿ ಹಾರ್ವೆ ದಡ ಮುಟ್ಟಿದಾಗ ಅರಾನ್ಸಾಸ್ ಕೌಂಟಿಯ 19 ಟವರುಗಳಲ್ಲಿ 18 ನಿಂತಿದ್ದವು. 2024ರ ಜುಲೈ 8ರಂದು ಬೆರಿಲ್ ಬಂದು ಹೂಸ್ಟನ್ ಕಡೆ 20 ಲಕ್ಷಕ್ಕೂ ಹೆಚ್ಚು ಕಡೆ ಕರೆಂಟ್ ಹೋಯಿತು, ಅದೂ ಸುಡುವ ಸೆಕೆಯಲ್ಲಿ.

ರೇಂಜ್ ಒಂದು ಕಡ್ಡಿ ಇದ್ದರೆ ಕರೆ ಮಾಡುತ್ತಾ ಕೂರಬೇಡಿ, ಮೆಸೇಜ್ ಹಾಕಿ. ಅದಕ್ಕೆ ಸ್ವಲ್ಪ ಜಾಗ ಸಾಕು, ಹೇಗಾದರೂ ನುಸುಳಿ ಹೋದೀತು. ನಿಮ್ಮ ಕಂಪೆನಿಯ ರೇಂಜ್ ಪೂರ್ತಿ ಹೋದರೂ 911ಕ್ಕೆ ಮಾಡಿ ನೋಡಿ, ಬೇರೆ ಕಂಪೆನಿಯ ಟವರ್ ಸಿಕ್ಕಿದರೆ ಅದರ ಮೂಲಕ ಹೋಗುತ್ತದೆ. ವೈಫೈ ನಂಬಬೇಡಿ, ಕರೆಂಟಿನ ಜೊತೆ ಅದೂ ಹೋಗುತ್ತದೆ.

ಇನ್ನೊಂದು. ಹೂಸ್ಟನ್‌ನವರು ಡಲ್ಲಾಸ್‌ನಲ್ಲಿರುವ ಒಬ್ಬರ ನಂಬರನ್ನು ಊರಿನ ಮನೆಯಲ್ಲಿ ಬರೆಸಿಡಿ, ಡಲ್ಲಾಸ್‌ನವರು ಹೂಸ್ಟನ್‌ನವರದ್ದು. ಗಾಳಿಯ ಎಚ್ಚರಿಕೆ ಬಂದ ದಿನವೇ ಉಮ್ಮನಿಗೆ ಹೇಳಿ: "ಎರಡು ದಿನ ನನ್ನ ಫೋನ್ ಬಾರದಿದ್ದರೆ ಹೆದರಬೇಡಿ, ಇವರಿಗೆ ಮಾಡಿ."